ಬಳ್ಳಿಯ ಹೆಸರು ಕೂಗಿದ ಮೇಷ್ಟ್ರು

“ಕತ್ತರಿಸಿ, ಸುಡಿ, ಏನಾದ್ರೂ ಮಾಡ್ಕೊಳ್ಳಿ ಸಾರ್. ಅದರ ಹೆಸರು ಮಾತ್ರ ಕೂಗ್ಬೇಡಿ,” ಎಂದಳು ಶಾಲೆಯ ಬೇಲಿ ಸವರುವ ಹೆಂಗಸು. ಕೈಯಲ್ಲಿದ್ದ ಕತ್ತರಿಯನ್ನು ಬೇಲಿಗೆ ಹಬ್ಬಿದ ಬಳ್ಳಿಯತ್ತ ಚಾಚಿದಳು.

ಹೊಸದಾಗಿ ಬಂದಿದ್ದ ಸಸ್ಯಶಾಸ್ತ್ರದ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಕೂಗಿದ್ರೆ ಏನಮ್ಮ, ಬಳ್ಳಿ ‘ಓ’ ಅನ್ನುತ್ತಾ?”

“ಇದನ್ನ ತಿಂದು ಮಗು ಸತ್ತಾಗ ತಾಯಿಯೊಬ್ಬಳು ಮಾಟ ಮಾಡಿಸಿದ್ಲು. ಕೂಗಿದೋರ ಬಾಯಿಂದ ಇದು ಒಂದು ಹೆಸರು ಕಿತ್ಕೊಳ್ಳುತ್ತೆ. ಯಾವುದು ಇಲ್ದೆ ಆಗೋದಿಲ್ವೋ ಅದನ್ನೇ.”

ಮೇಷ್ಟ್ರು ಬಗ್ಗಿ ನೋಡಿದರು. ಐದು ಮೂಲೆಯ ಎಲೆ, ಸುರುಳಿ ಹಂಬು, ಗೊಂಚಲು ಗೊಂಚಲು ಕೆಂಪು ಹಣ್ಣು. ಮುರಿದ ಕಾಂಡದಿಂದ ಇಲಿ ಸತ್ತ ವಾಸನೆ. ಗಿಡದ ಗುರುತು ಸಿಕ್ಕರೆ ಬರೆದಿಡುವ ಜಾಯಮಾನ ಅವರದಲ್ಲ; ಮೂರು ಸಲ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿಕೊಳ್ಳುವುದೇ ಪದ್ಧತಿ. ಹೇಳಿಯೇಬಿಟ್ಟರು. ಆ ಹೆಸರನ್ನು ಇಲ್ಲಿ ಬರೆಯುವಷ್ಟು ಎದೆಗಾರಿಕೆ ನನಗಿಲ್ಲ. ಗಾಳಿಯಿಲ್ಲದ ಆ ಮಧ್ಯಾಹ್ನ ಬೇಲಿಯುದ್ದಕ್ಕೂ ಎಲೆಗಳು ಸರಸರ ಎಂದವು.

ಮರುದಿನ ಬೆಳಿಗ್ಗೆ ಮೇಷ್ಟ್ರ ನಾಲ್ಕು ವರ್ಷದ ಮಗಳು ಅದೇ ಬೇಲಿಯ ಬುಡದಲ್ಲಿ ಬಿದ್ದಿದ್ದಳು. ತುಟಿಯೆಲ್ಲ ಕೆಂಪು ರಸ. ಮೊದಲು ಕಂಡವಳು ಬೇಲಿ ಸವರುವ ಹೆಂಗಸೇ. ಮಗುವನ್ನು ಎತ್ತಿಕೊಂಡು ಮೇಷ್ಟ್ರ ಜೊತೆ ಆಸ್ಪತ್ರೆಗೆ ಓಡಿದಳು.

ಡಾಕ್ಟರು ದಪ್ಪ ಪುಸ್ತಕ ತೆರೆದರು. “ಯಾವ ಬಳ್ಳಿ? ಬೇಗ ಹೆಸರು ಹೇಳಿ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ರೆ ಮಗು ಉಳಿಯಲ್ಲ.”

ಮೇಷ್ಟ್ರು ಬಾಯಿ ತೆರೆದರು. ಹೆಸರು ಬರಲಿಲ್ಲ. “ಕೆಂಪು ಹಣ್ಣು... ಐದು ಮೂಲೆ ಎಲೆ...”

“ಅಂಥವು ಹತ್ತಾರಿವೆ ಮೇಷ್ಟ್ರೇ! ಹೆಸರು!”

ಡಾಕ್ಟರು ಪುಸ್ತಕ ಅವರತ್ತ ತಿರುಗಿಸಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟರು. ಎಲ್ಲವೂ ಒಂದೇ ಥರ ಕಂಡವು. ನಿನ್ನೆ ಹೇಳಿದ್ದು. ಮೂರು ಸಲ ಹೇಳಿದ್ದು. ತಲೆಯೊಳಗೆ ಬರೀ ಎಲೆಗಳ ಸರಸರ. ಮಗುವಿನ ಉಗುರು ನೀಲಿಗಟ್ಟಿತು. ಉಸಿರು ಗೊರಗೊರ ಎಂದಿತು. ನಿಂತಿತು. ಮತ್ತೆ ಬಂತು. ಮೇಷ್ಟ್ರು ಹೆಂಗಸಿನ ಕಾಲು ಹಿಡಿದುಕೊಂಡರು.

“ನಿಮಗೆ ಗೊತ್ತಲ್ಲ! ಹೇಳ್ಬಿಡಿ ತಾಯಿ!”

ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲು ಅವಳಿಗೆ ಓದು ಬಾರದು. ಅವಳು ಮಗುವನ್ನು ನೋಡಿದಳು. ಕಣ್ಣು ಮುಚ್ಚಿದಳು. ಹೇಳಿದಳು.

ಸೂಜಿ ಚುಚ್ಚಿದ ಗಂಟೆಯೊಳಗೆ ಮಗು ಕಣ್ಣು ಬಿಟ್ಟು, “ಅಪ್ಪಾ, ನೀರು,” ಎಂದಿತು. ಹೋದ ಜೀವ ಬಂದಂತಾಗಿ ಮೇಷ್ಟ್ರು ಅತ್ತರು, ನಕ್ಕರು, ಅವಳಿಗೆ ಕೈಮುಗಿಯಲೆಂದು ಹೊರಗೆ ಓಡಿಬಂದರು.

ಹೆಂಗಸು ಬೆಂಚಿನ ತುದಿಯಲ್ಲಿ ಕೂತು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು.

“ನಂಗೂ ಒಬ್ಬ ಮಗಳಿದಾಳೆ ಸಾರ್,” ಎಂದಳು. “ಕಣ್ಣು ಕಾಣಲ್ಲ ಅವಳಿಗೆ. ನಾನು ಹೆಸರು ಹಿಡಿದು ಕರೆದ್ರೇನೇ ಹತ್ರ ಬರೋದು. ಈಗ ಏನಂತ ಕರೀಲಿ?”