ಅಕ್ಕನ ವಯಸ್ಸು

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಬಸ್ ಡ್ರೈವರೊಬ್ಬ ಮಗಳನ್ನು ಕರೆದುಕೊಂಡು ಠಾಣೆಗೆ ಬಂದ. ಮಗಳು ಜಿಮ್ನಾಸ್ಟ್. ದೊಡ್ಡ ಕೂಟಕ್ಕೆ ಹೋಗುವ ತಂಡದಲ್ಲಿ ಕೂದಲೆಳೆಯ ಅಂತರದಲ್ಲಿ ಜಾಗ ಕಳೆದುಕೊಂಡವಳು. ಅವಳನ್ನು ಹಿಂದಿಕ್ಕಿದ್ದು ಶಿಬಿರದಲ್ಲಿ ಅವಳ ಕೋಣೆಯಲ್ಲೇ ಇದ್ದ ಹುಡುಗಿ. ಎಲ್ಲರ ಬಾಯಲ್ಲೂ ಆಕೆ ‘ಗುಬ್ಬಿ’.

“ಹದಿನಾರು ಆಗದೆ ಈ ಕೂಟಕ್ಕೆ ಹೋಗೋ ಹಾಗಿಲ್ಲ ಮೇಡಂ. ಗುಬ್ಬಿಗೆ ಆಗಿಲ್ಲ,” ಎಂದ ಡ್ರೈವರ್.

“ನಿಮಗೆ ಹೇಗೆ ಗೊತ್ತು?” ಇನ್ಸ್‌ಪೆಕ್ಟರ್ ಕೇಳಿದರು.

ಅವನು ಮಗಳ ಮುಖ ನೋಡಿದ.

“ಹಲ್ಲುಜ್ಜುವಾಗ ಅವಳ ಹಲ್ಲೊಂದು ಉದುರ್ತು ಮೇಡಂ. ಹಾಲುಹಲ್ಲು. ಯಾರಿಗೂ ಹೇಳ್ಬೇಡ ಅಂತ ಗೋಗರೆದ್ಲು. ನಾನೂ ಹೇಳಿರ್ಲಿಲ್ಲ, ತಂಡದಲ್ಲಿ ನನ್ನ ಹೆಸರು ಬರದೇ ಹೋಗೋವರೆಗೂ.” ಹುಡುಗಿ ತಲೆ ತಗ್ಗಿಸಿದಳು.

ವಯಸ್ಸು ಮರೆಮಾಚಿ ವಂಚಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಎಲ್ಲದಕ್ಕೂ ಮೊದಲು ವೇಳೆ ಗುರುತು ಹಾಕಿಕೊಳ್ಳುವ ಅವನನ್ನು ಠಾಣೆಯವರು ‘ಗಡಿಯಾರ’ ಎನ್ನುತ್ತಿದ್ದರು. ತಾಳಿ ಕಟ್ಟುವಾಗಲೂ ಕೈಗಡಿಯಾರ ನೋಡಿಕೊಂಡವನೆಂದು ಗೇಲಿ.

ಮಧ್ಯಾಹ್ನ ಇನ್ಸ್‌ಪೆಕ್ಟರೂ ಗಡಿಯಾರನೂ ತರಬೇತಿ ಶಾಲೆಗೆ ಹೋದರು. ಕೋಚ್ ಅಂಗೈಯ ಬಿಳಿಪುಡಿ ಒರೆಸಿಕೊಳ್ಳುತ್ತಾ ಬಂದ.

“ಜನನ ಪತ್ರ ಸರಿಯಾಗೇ ಇತ್ತು ಮೇಡಂ.”

“ಹುಡುಗೀನ ನೋಡ್ಲಿಲ್ವಾ?”

“ಈ ಆಟದಲ್ಲಿ ಎಲ್ಲರೂ ಚಿಕ್ಕವರ ಥರಾನೇ ಕಾಣ್ತಾರೆ. ಹಗುರ ಇದ್ದಷ್ಟೂ ಚೆನ್ನಾಗಿ ತಿರುಗ್ತಾರೆ.” ಅವನ ದನಿ ಇಳಿಯಿತು. “ನಾನೂ ಕೆದಕೋಕೆ ಹೋಗ್ಲಿಲ್ಲ.”

ಮರುದಿನ ಆಸ್ಪತ್ರೆಯಲ್ಲಿ, ಜೊತೆಗೆ ಬಂದಿದ್ದ ಚಿಕ್ಕಮ್ಮನ ಎದುರಿಗೇ ಗುಬ್ಬಿಯ ತಪಾಸಣೆ ನಡೆಯಿತು. ಮೂಳೆ ವೈದ್ಯರು ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಹದಿಮೂರರ ಆಸುಪಾಸು. ಮೂಳೆ ಇನ್ನೂ ಬೆಳೀತಿದೆ, ಬೆಳೆಯೋ ಜಾಗದಲ್ಲೇ ಪೆಟ್ಟಾಗಿದೆ. ಇನ್ನೊಂದು ವರ್ಷ ಹೀಗೇ ಮಾಡಿದ್ರೆ ಕೈ ನೆಟ್ಟಗೆ ಬೆಳೆಯಲ್ಲ. ವಯಸ್ಸಿನ ನಿಯಮ ಮಾಡಿರೋದು ಇದಕ್ಕೇ.”

“ನೋವಾಗ್ತಿತ್ತಾ ಪುಟ್ಟಿ?” ಇನ್ಸ್‌ಪೆಕ್ಟರ್ ಕೇಳಿದರು.

“ಆಗ್ತಿತ್ತು. ಅಮ್ಮಂಗೆ ಹೇಳಿಲ್ಲ. ಅಮ್ಮಂಗೆ ಬೇಜಾರಾಗುತ್ತೆ.”

ಸಂಜೆ ನಾಲ್ಕಕ್ಕೆ ಮನೆಯ ತಪಾಸಣೆ. ಬೀದಿಯ ಕೊನೆಯಲ್ಲಿ ಒಂದೇ ಕೋಣೆ. ಗಂಡ ತೀರಿಹೋದ ಮೇಲೆ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದ ತಾಯಿ ಯಂತ್ರದ ಮುಂದೆ ಕುಳಿತಿದ್ದಳು. ಗೋಡೆಯ ಫೋಟೋದಲ್ಲಿ ಇಬ್ಬರು ಹುಡುಗಿಯರು ಒಂದೇ ಕಂಬಿಗೆ ಜೋತುಬಿದ್ದು ನಗುತ್ತಿದ್ದರು.

“ಈ ದೊಡ್ಡ ಹುಡುಗಿ ಯಾರು?”

“ನನ್ನ ಹಿರಿಮಗಳು.”

“ಎಲ್ಲಿದಾಳೆ?”

ತಾಯಿ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚತೊಡಗಿದಳು. ಚಿಕ್ಕಮ್ಮನಿಗೆ ಆತುಕೊಂಡು ಬಾಗಿಲಲ್ಲಿ ನಿಂತಿದ್ದ ಗುಬ್ಬಿಯೇ ಹೇಳಿದಳು: “ಅಕ್ಕ ಹೋದ ವರ್ಷ ತೀರಿಕೊಂಡ್ಲು. ಆಮೇಲೆ ಊರು ಬಿಟ್ಟು ಇಲ್ಲಿಗೆ ಬಂದ್ವಿ. ಈಗ ನಾನೇ ಅಕ್ಕ.”

ತಾಯಿ ಎದ್ದು ಕಪಾಟಿನಿಂದ ಹಿರಿಮಗಳ ಜನನ ಪತ್ರ ತಂದು ತಾನೇ ಮೇಜಿನ ಮೇಲಿಟ್ಟಳು. ನೆರೆಯ ಇಬ್ಬರನ್ನು ಕರೆಸಿ ಪಂಚನಾಮೆ ಮಾಡಿ ಅದನ್ನು ವಶಕ್ಕೆ ಪಡೆಯಲಾಯಿತು. ಐದು ಗಂಟೆಗೆ ಬಂಧನ. ಮಗಳನ್ನು ತನ್ನ ತಂಗಿಗೆ ಒಪ್ಪಿಸಿ ತಾಯಿ ತಕರಾರಿಲ್ಲದೆ ಜೀಪು ಹತ್ತಿದಳು. ಚಿಕ್ಕಮ್ಮನೂ ಗುಬ್ಬಿಯನ್ನು ಕರೆದುಕೊಂಡು ಹಿಂದೆಯೇ ಠಾಣೆಗೆ ಬಂದಳು.

ಹೇಳಿಕೆ ಕೊಡುವಾಗ ತಾಯಿ ಏನನ್ನೂ ಮುಚ್ಚಿಡಲಿಲ್ಲ. ಹಿರಿಯವಳು ಹುಟ್ಟಿದ್ದು ಜನವರಿಯ ಮೊದಲ ವಾರ. ಡಿಸೆಂಬರ್ ಮುಗಿಯುವುದರೊಳಗೆ ಹದಿನಾರು ತುಂಬಿರಬೇಕೆಂಬ ನಿಯಮಕ್ಕೆ ಆ ಕೆಲವೇ ದಿನಗಳು ಅಡ್ಡ ಬಂದವು.

“ನಿನಗೆ ಸಾಟಿ ಯಾರೂ ಇಲ್ಲ, ಒಂದು ವರ್ಷ ಕಾಯಿ ಅಂದ್ರು ಊರಲ್ಲಿದ್ದ ಕೋಚ್. ಮಗು ಕಾದ್ಲು ಮೇಡಂ. ಬೇರೆ ಹುಡುಗೀರು ಹೊರಟಾಗ ಬಸ್ ಹತ್ತಿರ ಹೋಗಿ ಕೈ ಬೀಸಿ ಬಂದ್ಲು. ಅದೇ ವರ್ಷ ಜ್ವರ ಬಂತು. ಆಸ್ಪತ್ರೆ ದಾರೀಲೇ ಹೋಗ್ಬಿಟ್ಲು.” ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಚಿಕ್ಕದಕ್ಕೂ ಕಾಯಿ ಅನ್ನೋಕೆ ನನ್ನಿಂದ ಆಗ್ಲಿಲ್ಲ.”

“ಆ ಡ್ರೈವರ್ ಮಗಳೂ ಕಾದಿದ್ಲಲ್ವಾಮ್ಮ?” ಇನ್ಸ್‌ಪೆಕ್ಟರ್ ಕೇಳಿದರು.

“ಹೌದು. ಅದೂ ಹೆತ್ತವರ ಮಗೂನೇ. ನಾನು ಆ ಕಡೆ ನೋಡ್ಲೇ ಇಲ್ಲ.”

ತಂಡದಲ್ಲಿ ಆ ಜಾಗ ಇನ್ನು ಡ್ರೈವರ್ ಮಗಳಿಗೆ ಸಿಗಲಿತ್ತು. ಅದು ಅವಳದೇ. ಆದರೂ ಇನ್ಸ್‌ಪೆಕ್ಟರಿಗೆ ಕೇಸು ಬಗೆಹರಿದ ಸಮಾಧಾನವಿರಲಿಲ್ಲ.

“ದೊಡ್ಡ ಮಗಳು ತೀರಿಕೊಂಡ ದಿನಾಂಕ ಹೇಳಿ,” ಎಂದ ಗಡಿಯಾರ.

ಅಲ್ಲಿಯವರೆಗೆ ಸರಾಗವಾಗಿ ಮಾತಾಡಿದವಳು ಅವನ ಪೆನ್ನಿನ ಮೊನೆ ನೋಡಿದಳು. “ಸರ್ಕಾರಕ್ಕೆ ನಾನು ತಿಳಿಸಿಲ್ಲ ಸಾರ್. ಅವರ ಲೆಕ್ಕದಲ್ಲಿ ಅವಳಿನ್ನೂ ಇದಾಳೆ.” ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಬರೀಲೇಬೇಕಾ ಮೇಡಂ?”

“ಬರೀಬೇಕಮ್ಮ.”

ತಾಯಿ ದಿನಾಂಕ ಹೇಳಿದಳು. ಗಡಿಯಾರ ತಲೆಯೆತ್ತದೆ ಬರೆದುಕೊಂಡ. ಹೊರಗಿನ ಬೆಂಚಿನ ಮೇಲೆ ಗುಬ್ಬಿ ಚಿಕ್ಕಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು.