ಬರೀ ನೀರು ಕುಡಿದ ಸಾಲು

ನರ್ಸರಿ ಯಜಮಾನರ ಮಗಳು ಬಾಗಿಲಲ್ಲಿ ಬಂದು ನಿಂತಾಗ ದರ್ಜಿ ತನ್ನ ಭಾವನ ಕೋಟಿಗೆ ಗುಂಡಿ ಹಚ್ಚುತ್ತಿದ್ದ. ಅಕ್ಕನ ಗಂಡನೆಂಬ ಒಂದೇ ಕಾರಣಕ್ಕೆ ಈ ಮನುಷ್ಯನ ಪತ್ತೇದಾರಿಕೆಗೆಲ್ಲ ತಾನು ಬಾಲವಾಗಬೇಕಲ್ಲ ಎಂದು ಅವನು ಗೊಣಗುವುದುಂಟು. ಕರೆಯದೆ ಹೋದರೆ ಮುಖ ಊದಿಸಿಕೊಳ್ಳುವವನೂ ಅವನೇ.

ಹುಡುಗಿಯ ಕಣ್ಣು ಕೆಂಪಾಗಿತ್ತು. ಅಕ್ರೋಟು ಸಸಿಗಳು ಚೆನ್ನಾಗಿ ಬೇರುಬಿಟ್ಟು ಬೆಳೆಯಲೆಂದು ಅವಳು ಕಡಲಪಾಚಿಯ ಸಾರ ತೆಗೆದು, ನೀರು ಬೆರೆಸಿ, ಎಲೆಗಳಿಗೆ ಸಿಂಪಡಿಸುತ್ತಿದ್ದಳು. ಈಗ ಗೋಡೆ ಪಕ್ಕದ ಸಾಲೊಂದು ಸುಟ್ಟ ಹಾಗೆ ಒಣಗಿಹೋಗಿತ್ತು. ಇನ್ನು ನರ್ಸರಿಯೊಳಗೆ ಕಾಲಿಡಬೇಡ ಎಂದುಬಿಟ್ಟಿದ್ದರು ಅಪ್ಪ. ಆ ಸಸಿಗಳನ್ನು ಬಿಟ್ಟರೆ ಅವಳಿಗೆ ಬೇರೆ ಪ್ರಪಂಚವೇ ಇರಲಿಲ್ಲ.

“ಸತ್ತಿರೋದು ನಾನು ಸಾರ ಹಾಕದ ಸಾಲು, ಸಾರ್. ಹೋಲಿಸಿ ನೋಡೋಕೆ ಅಂತ ಅದಕ್ಕೆ ಬರೀ ನೀರು ಕೊಡ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಈಗ ಹೇಳಿದ್ರೆ ಅಪ್ಪ ಕಿವಿಗೇ ಹಾಕ್ಕೊಳ್ತಿಲ್ಲ,” ಎಂದಳು ಭಾವನ ಕಡೆ ತಿರುಗಿ.

ಭಾವನ ಜೊತೆ ನರ್ಸರಿಗೆ ಹೋದೊಡನೆ ದರ್ಜಿಯ ಅನುಮಾನ ನೇರವಾಗಿ ಅವಳ ಅಣ್ಣನ ಮೇಲೆ ಹೋಯಿತು. ಅಂಗಡಿ ಗೊಬ್ಬರ ಸಾಲದೇ ಎಂದು ತಂಗಿಯೊಡನೆ ಜಗಳ ಕಾಯುತ್ತಿದ್ದವನು ಅವನು. ಪೈಪು ಹಿಡಿದು ಸಸಿ, ದಾರಿ, ತನ್ನ ಚಪ್ಪಲಿ ಎಲ್ಲಕ್ಕೂ ಒಟ್ಟಿಗೆ ನೀರು ಬಿಡುತ್ತಿದ್ದ. ಯಜಮಾನರು ಮುಖ ಗಂಟಿಕ್ಕಿಕೊಂಡು, ಚೊಂಬಿನಿಂದ ಒಂದೊಂದೇ ಬುಡಕ್ಕೆ ನೀರೆರೆದು, ಹೆಬ್ಬೆರಳಿನಿಂದ ಮಣ್ಣು ಒತ್ತುತ್ತ ಸಾಗಿದ್ದರು.

ಭಾವ ಒಣಗಿದ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಮೂಸಿದರು. ಕಡಲಿನ ವಾಸನೆ ಹೊಡೆಯುತ್ತಿತ್ತು. ಬುಡದಲ್ಲಿ ಉಪ್ಪಿನ ಬಿಳಿ ಪದರ, ಪಕ್ಕದಲ್ಲೊಂದು ಸಣ್ಣ ಗುಳಿ. ಆ ಸಾಲಿನ ಎಲ್ಲ ಬುಡಗಳಲ್ಲೂ ಹಾಗೆಯೇ ಇತ್ತು. ಒಣಗಿದ ಎಲೆಗಳ ಮೇಲೆ ಮಾತ್ರ ಸಿಂಪಡಿಸಿದ ಒಂದು ಕಲೆಯೂ ಇರಲಿಲ್ಲ.

ಸಂಜೆ ಅವರು ಅಪ್ಪ, ಮಗ, ಮಗಳು ಮೂವರನ್ನೂ ಅಲ್ಲೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಗಳು ಸಿಂಪಡಿಸಿದ ಕಲೆ ಉಳಿದೆಲ್ಲ ಸಾಲುಗಳಲ್ಲಿದೆ, ಇದರಲ್ಲಿಲ್ಲ. ಅವಳ ಮಾತು ನಿಜ. ಬುಡಬುಡಕ್ಕೂ ಬಗ್ಗುವ ತಾಳ್ಮೆ ಮಗನಿಗಿಲ್ಲ. ಯಾರೋ ನೀರು ಬೆರೆಸದ ಸಾರವನ್ನೇ ಇಲ್ಲಿ ಎರೆದಿದ್ದಾರೆ, ಅದರ ಉಪ್ಪಿಗೆ ಬೇರು ಸುಟ್ಟಿದೆ.

“ಎರೆದ ಮೇಲೆ ಹೆಬ್ಬೆರಳಲ್ಲಿ ಮಣ್ಣು ಒತ್ತಿದ್ದಾರೆ. ಕೊಲ್ಲೋಕೆ ಬಂದವರು ಹಾಗೆ ಒತ್ತಲ್ಲ, ಯಜಮಾನ್ರೆ. ಅದು ಸಾಕೋ ಕೈ.”

ಯಜಮಾನರು ತಲೆ ಎತ್ತಲಿಲ್ಲ. ಅಣ್ಣನನ್ನು ಮನಸ್ಸಿನಲ್ಲೇ ಜೈಲಿಗೆ ಹಾಕಿಯಾಗಿದ್ದ ದರ್ಜಿ ಸುಮ್ಮನೆ ಅವನನ್ನು ಬಿಡುಗಡೆ ಮಾಡಿದ.

“ಬೇರೆ ಸಾಲೆಲ್ಲ ಅವಳ ಸಾರ ಕುಡಿದು ಎದ್ದು ನಿಂತಿದ್ವು,” ಎಂದರು ಯಜಮಾನರು ಕೊನೆಗೆ. “ಇದೊಂದು ಹಿಂದೆ ಬಿದ್ದಿತ್ತು. ಅವಳು ಮರೆತಿರ್ಬೇಕು ಅನ್ಕೊಂಡೆ, ನೋಡೋಕಾಗ್ದೆ ನಾನೇ ಎರೆದೆ. ನೀರು ಬೆರೆಸ್ಬೇಕು ಅಂತ ಗೊತ್ತಿರ್ಲಿಲ್ಲ. ಸತ್ತಾಗ ಸಾರವೇ ವಿಷ ಅಂತ ತೀರ್ಮಾನ ಮಾಡ್ಬಿಟ್ಟೆ.”

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ, ಅಪ್ಪಾ?”

“ಇಷ್ಟು ದಿನ ನಿನ್ನ ಸಾರಾನ ಆಡ್ಕೊಂಡು ನಕ್ಕು, ಯಾವ ಮುಖ ಇಟ್ಕೊಂಡು ಕೇಳ್ಲಿ?”

ಯಜಮಾನರು ಎದ್ದು ಒಳಗೆ ಹೋಗಿ, ಸಾರದ ಕ್ಯಾನನ್ನೂ ಒಂದು ಖಾಲಿ ಬಕೆಟ್ಟನ್ನೂ ತಂದು ಮಗಳ ಮುಂದಿಟ್ಟರು.

“ಎಷ್ಟು ನೀರು ಬೆರೆಸ್ಬೇಕು, ಹೇಳ್ಕೊಡು,” ಎಂದರು.

ಮಗಳು ಕಣ್ಣೊರೆಸಿಕೊಂಡು ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟಳು.