ಎರಡು ಲೋಟ ಅನಾನಸ್ ರಸ

ಸೋಮವಾರ ಬೆಳಿಗ್ಗೆ ಪೆದ್ರಾ ಬ್ರಾಂಕಾ ಠಾಣೆಗೆ ನುಗ್ಗಿದ ನಿಲ್ಜಾ ಮೇಜು ಕುಟ್ಟಿದಳು. "ಡಯಾಲಿಸಿಸ್ ಮಾಡೋ ಕಟುಕರು ನನ್ನ ಗಂಡನ್ನ ಕೊಲ್ತಿದಾರೆ. ಬರ್ಕೊಳ್ಳಿ!"

ಎಫ್ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಎವಾಂಡ್ರೊ, ಕಾನ್‌ಸ್ಟೇಬಲ್ ಜಂಡೀರಾಳೊಂದಿಗೆ ಅವಳ ಹಿಂದೆಯೇ ಹೊರಟ. ಆಸ್ಪತ್ರೆಯ ವಾಸನೆ ಬಡಿದರೆ ಸಾಕು, ಅವನಿಗೆ ಮೂಗಿನ ತುದಿಗೆ ಕೋಪ. ಹಾಸಿಗೆಯಲ್ಲಿ ಓಸ್ಮಾರ್ ಒಂದೇ ಸಮನೆ ಬಿಕ್ಕಳಿಸುತ್ತಿದ್ದ. ಹೆಂಡತಿಯ ಗುರುತೂ ಸಿಗಲಿಲ್ಲ ಅವನಿಗೆ.

"ನಮ್ಮ ಯಂತ್ರ ಸರಿಯಾಗಿದೆ," ಡಾಕ್ಟರ್ ಗ್ರಾಸಿಯೆಮಾ ಸಿಡುಕಿದರು. "ಕಿಡ್ನಿ ಕೆಟ್ಟವರಿಗೆ ಹೀಗೆ ಬಿಕ್ಕಳಿಕೆ, ಭ್ರಾಂತಿ ಬಂದ್ರೆ ನನಗೆ ಕಮರಾಕ್ಷಿ ಹಣ್ಣಿನ ಮೇಲೇ ಅನುಮಾನ. ನಮಗದು ಬರೀ ಹುಳಿ ಹಣ್ಣು, ಇವರಿಗೆ ವಿಷ. ಫಿಟ್ಸ್ ಬಂದ್ರೆ ಉಳಿಯೋದು ಕಷ್ಟ. ಅದೇ ಹೌದಾದ್ರೆ ಒಂದು ಸಲ ಡಯಾಲಿಸಿಸ್ ಮಾಡಿದ್ರೆ ಸಾಲದು, ಬಿಡದೆ ಮಾಡ್ಬೇಕು. ಈಯಮ್ಮ ನೋಡಿದ್ರೆ, ಇವರು ತಿಂದೇ ಇಲ್ಲ ಅಂತಾರೆ."

"ಅದನ್ನ ಅವರು ಮುಟ್ಟಲ್ಲ! ಇಲ್ಲಿಗೆ ಅವರನ್ನ ಕರ್ಕೊಂಡು ಬರೋದು ಅವರಕ್ಕ ಜೊರಾಯ್ಡೆ. ನಿನ್ನೆ ಅವಳ ಮನೇಲೇ ಊಟ. ನಾವೆಲ್ಲ ಬಿಯರ್ ಕುಡಿದ್ವಿ. ಅವರಿಗೆ ಅನಾನಸ್ ರಸ, ಎರಡು ಲೋಟ."

ಎವಾಂಡ್ರೊನ ಕಿವಿ ನೆಟ್ಟಗಾಯಿತು. "ಗುಟುಕು ನೀರಿಗೂ ಲೆಕ್ಕ ಇಡೋನಿಗೆ ಎರಡು ಲೋಟವಾ?"

ಜೊರಾಯ್ಡೆ ತನ್ನ ಮನೆಯ ಬಾಗಿಲಿಗೆ ಅಡ್ಡ ನಿಂತಳು. "ವಾರಂಟ್ ಎಲ್ಲಿ?"

"ತರ್ತೀನಿ. ಅಷ್ಟರಲ್ಲಿ ನಿನ್ನ ತಮ್ಮ ಸತ್ತಿರ್ತಾನೆ."

ಅವಳು ಸರಿದಳು. ಪಕ್ಕದ ಮನೆಯ ಇಬ್ಬರನ್ನು ಕರೆಸಿ ಪಂಚನಾಮೆ ನಡೆಸಿದರು. ಕಸದ ಡಬ್ಬಿಯಲ್ಲಿ ಅನಾನಸ್ ಸಿಪ್ಪೆಯ ಸುಳಿವಿಲ್ಲ. ಕಾಫಿ ಚರಟದ ಕೆಳಗೆ ಹಿಂಡಿ ಬಿಸಾಡಿದ ಕಮರಾಕ್ಷಿ ಇತ್ತು, ಹಿತ್ತಲಲ್ಲಿ ಅದರ ಮರ. ಜಂಡೀರಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು.

"ಅವನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದವಳು ನೀನೇ," ಎಂದ ಎವಾಂಡ್ರೊ. "ಈ ಹಣ್ಣಿನ ಮೇಲೆ ಕೆಂಪು ಗೀಟು ಎಳೆದ ಚಿತ್ರ ಅಲ್ಲಿ ಗೋಡೆ ಮೇಲಿದೆ. ನೋಡಿಲ್ವಾ?"

"ಕಣ್ಣಿದೆ. ನೋಡಿದೀನಿ."

"ಮತ್ತೆ ಯಾಕೆ ಕೊಟ್ಟೆ?"

ಅವಳು ರವಿಕೆಯಂಚು ಎತ್ತಿ ಸೊಂಟದ ಉದ್ದನೆಯ ಗಾಯದ ಗುರುತು ತೋರಿಸಿದಳು. "ಇಲ್ಲಿದ್ದ ಕಿಡ್ನಿ ಅವನಿಗೆ ಕೊಟ್ಟೆ. ಮಹರಾಯ ಮಾತ್ರೆ ಬಿಟ್ಟ, ಬಿಯರ್ ಬಿಡ್ಲಿಲ್ಲ. ಹಾಳು ಮಾಡ್ಕೊಂಡ. ಈಗ ನನ್ನ ಮಗಳದ್ದು ಬೇಕಂತೆ! ತೈನಾಗೆ ಹತ್ತೊಂಬತ್ತು ವರ್ಷ, ಇನ್ಸ್‌ಪೆಕ್ಟ್ರೇ. ಮಾವ ಅಂದ್ರೆ ಪ್ರಾಣ. ನನ್ನ ಮಾತು ಕೇಳದೆ ಒಪ್ಕೊಂಡು ಕೂತಿದಾಳೆ."

ಅವಳನ್ನು ಅಲ್ಲೇ ಬಂಧಿಸಿದರು. ಬಿಡದೆ ನಡೆದ ಡಯಾಲಿಸಿಸ್‌ನಿಂದ ಬುಧವಾರ ಓಸ್ಮಾರನ ಬಿಕ್ಕಳಿಕೆ ನಿಂತಿತು. ಎವಾಂಡ್ರೊ ಹೇಳಿಕೆ ಪಡೆಯಲು ಹೋದ.

"ಅಕ್ಕನ್ನ ಒಳಗೆ ಹಾಕಿದ್ರಾ?"

"ಹೂಂ."

"ಒಳ್ಳೇದಾಯ್ತು. ಹುಡುಗೀನ ತಡೆಯೋರು ಇನ್ಯಾರೂ ಇಲ್ಲ."

ಎವಾಂಡ್ರೊಗೆ ಹೇಸಿಗೆಯಾಯಿತು. ಇಂಥವನನ್ನು ಉಳಿಸಲು ಓಡಾಡಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಹೊರಗೆ ಬೆಂಚಿನ ಮೇಲೆ ತೈನಾ ಕಿಡ್ನಿ ಕೊಡುವ ಮೊದಲಿನ ರಕ್ತ ಪರೀಕ್ಷೆಯ ಸರದಿ ಕಾಯುತ್ತಿದ್ದಳು.

"ಮಾವ ಮಾತಾಡಿದ್ರಾ ಸಾರ್?"

ಮಾವ ಆಡಿದ್ದನ್ನು ಎವಾಂಡ್ರೊ ಒಂದಕ್ಷರ ಬಿಡದೆ ಹೇಳಿದ. ಹಾಗೆ ಹೇಳುವುದು ನಿಯಮಕ್ಕೆ ವಿರುದ್ಧ. ಪರೀಕ್ಷೆಗೆ ಹೆಸರು ಕೂಗಿದಾಗ ತೈನಾ ಎದ್ದು, ಆ ಕೋಣೆಗೆ ಬೆನ್ನು ಹಾಕಿ, "ಅಮ್ಮನ್ನ ನೋಡೋಕೆ ಬಿಡ್ತೀರಾ?" ಎಂದಳು.